ಬಾಗಿಲ ಪಾಠ

ಅಳುವುದರಲ್ಲಿ ದೊಡ್ಡಕ್ಕನನ್ನು ಮೀರಿಸುವವರು ಆ ಕೇರಿಯಲ್ಲಿ ಯಾರೂ ಇರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ತಲೆ ನರೆಯುವ ತನಕ ದುಡಿದವಳು. ನಗುವ ತಾಯಂದಿರನ್ನೂ ಅಳುವ ತಾಯಂದಿರನ್ನೂ ಕಣ್ತುಂಬ ಕಂಡವಳು. ಯಾವ ಅಳು ಹೊಟ್ಟೆಯಿಂದ ಬರುತ್ತದೆ, ಯಾವುದು ಗಂಟಲಿನಿಂದ, ಯಾವುದು ಬರೀ ಮೂಗಿನಿಂದ ಎಂಬುದು ಅವಳಿಗೆ ಬಾಯಿಪಾಠ. ಆ ವಿದ್ಯೆ ಮುಪ್ಪಿನಲ್ಲಿ ಉಪಯೋಗಕ್ಕೆ ಬಂದೀತೆಂದು ಅವಳು ಎಣಿಸಿರಲಿಲ್ಲ. ದೇವರು ಯಾರ ಪಾಲಿಗೆ ಯಾವ ಕೆಲಸವನ್ನು ಯಾವ ಹೊತ್ತಿಗೆ ಎತ್ತಿಟ್ಟಿರುತ್ತಾನೋ ಅವನೇ ಬಲ್ಲ.

ಮನೆಯಲ್ಲಿ ಏಟು ತಿನ್ನುವ ಹೆಣ್ಣುಮಕ್ಕಳಿಗೆ ಕೇರಿಯ ಹೆಂಗಸರೇ ಆಸರೆಯಾಗಬೇಕು ಎಂದು ಹೊರಗಿನಿಂದ ಒಬ್ಬ ಮೇಡಂ ಬಂದು ತರಬೇತಿ ಶುರುಮಾಡಿದ್ದರು. ಗೋಡೆಗೆ ಚಿತ್ರ ಅಂಟಿಸಿ, ಬಿಸ್ಕೀಟು ಹಂಚಿ, ಒಳ್ಳೆಯ ನಾಲ್ಕು ಮಾತು ಕಲಿಸಿ ಹೋದರು. ಅವರು ಹೋದ ಮೇಲೂ ಮಂಗಳವಾರದ ಮಧ್ಯಾಹ್ನ ಟೈಲರಮ್ಮನ ಅಂಗಡಿಯ ಅಟ್ಟದಲ್ಲಿ ಹೆಂಗಸರು ಸೇರುವುದು ನಿಲ್ಲಲಿಲ್ಲವೆಂದರೆ ಅದು ದೊಡ್ಡಕ್ಕನ ದೆಸೆಯಿಂದ. ಚಿಂದಿ ಬಟ್ಟೆಯ ಮೂಟೆಗೆ ಒರಗಿ ಕೂತು ಅವಳು ಹೇಳಿಕೊಡುವಳು: ನೊಂದು ಬಂದವಳನ್ನು ‘ನೀನೇನು ಮಾಡಿದೆ’ ಎಂದು ಕೇಳಬೇಡಿ. ‘ಸ್ವಲ್ಪ ತಾಳ್ಕೊ’ ಎನ್ನಬೇಡಿ. ಹೇಳಿದಷ್ಟು ಕೇಳಿ, ಹೇಳದ್ದನ್ನು ಕೆದಕಬೇಡಿ. ಅವಳು ಎಲ್ಲಿದ್ದಾಳೆಂಬುದು ಅವಳನ್ನು ಮನೆಯಲ್ಲಿ ಇಟ್ಟುಕೊಂಡವಳಿಗೆ ಮಾತ್ರ ಗೊತ್ತಿರಲಿ. ಮಿಕ್ಕವರಿಗೆ ಬೇಡ, ನನಗೂ ಬೇಡ. ಯಾರು ಬಂದು ಕೇಳಿದರೂ ಗೊತ್ತಿದ್ದವಳೂ ಗೊತ್ತಿಲ್ಲದವಳೂ ಒಂದೇ ಮಾತು ಹೇಳಿ: “ನಂಗೊತ್ತಿಲ್ಲ. ಗೊತ್ತಿದ್ರೂ ಹೇಳಲ್ಲ.”

ಇಷ್ಟು ಮೇಡಂ ಕಲಿಸಿದ್ದು. ಬಾಗಿಲ ಪಾಠ ಮಾತ್ರ ದೊಡ್ಡಕ್ಕನ ಸ್ವಂತದ್ದು.

ಅಟ್ಟದ ಬಾಗಿಲ ಒಳಗೆ ಒಬ್ಬ ಹೆಂಗಸು ನಿಲ್ಲಬೇಕು. ಹೊರಗೆ ದೊಡ್ಡಕ್ಕ. ಮೊದಲು ಅವಳು ಗಂಡನಾಗಿ ಬರುವಳು, ಬೆಲ್ಲದಂಥ ಮಾತು. ಆಮೇಲೆ ಮಾವನಾಗಿ ಬರುವಳು, ಕೆಮ್ಮು, ಗದರು, ಪೊಲೀಸಿನ ಬೆದರಿಕೆ. ಇವೆರಡಕ್ಕೂ ಬಾಗಿಲು ತೆರೆದವರು ಕಡಿಮೆ. ಕೊನೆಗೆ ಗಂಡನ ತಾಯಿಯಾಗಿ ಬಂದು ಹೊಸ್ತಿಲಲ್ಲಿ ಕುಸಿದು ಕೂತು ಒಂದು ಅಳು ಅಳುವಳು ನೋಡಿ, ಒಳಗಿದ್ದವಳ ಕೈ ತಾನಾಗಿ ಚಿಲಕಕ್ಕೆ ಹೋಗಬೇಕು. “ಅವನು ಎಂಥವನಾದ್ರೂ ಇರ್ಲಿ ಕಣೇ, ನನ್ನ ಮೊಮ್ಮಗಳಿಗೆ ಔಷಧಿ ತಂದಿದೀನಿ, ಇದೊಂದು ಕೊಟ್ಟು ಹೊರಟೋಗ್ತೀನಿ...” ಚಿಲಕ ಜಾರಿದ ಸದ್ದು ಕೇಳಿದರೆ ಸಾಕು, ಅಳು ಅಲ್ಲೇ ತುಂಡಾಗುವುದು. “ಸತ್ತೆ ನೀನು! ನಿನ್ನ ಜೊತೆ ಒಳಗಿದ್ದವಳೂ ಸತ್ಲು! ಗಂಡಸಿಗೆ ಬಾಗಿಲು ಹಾಕೋದು ಏನ್ ದೊಡ್ಡದು? ಅತ್ತೆ ಕಣ್ಣೀರಿಗೆ ಹಾಕೋದು ಕಲೀರಿ. ಹೆತ್ತವರಿಗೆ ಹೆಗ್ಗಣ ಮುದ್ದು. ಎಂಥ ಒಳ್ಳೆ ತಾಯೇ ಆಗ್ಲಿ, ಕೊನೆಗೆ ಮಗನ ಕಡೇನೇ ಹೋಗಿ ನಿಲ್ತಾಳೆ. ಔಷಧಿ ತಂದ್ರೆ ಮುಟ್ಬೇಡಿ, ಬಟ್ಟೆ ತಂದ್ರೆ ಮುಟ್ಬೇಡಿ, ದೇವರ ಪ್ರಸಾದ ಅಂದ್ರೂ ಮುಟ್ಬೇಡಿ! ನಾಳೆ ನಾನೇ ಬಂದ್ರೂ ತೆರೀಬೇಡಿ!”

ಹೆಂಗಸರು ಬಿದ್ದು ಬಿದ್ದು ನಗುವರು. ಒಬ್ಬೊಬ್ಬರಾಗಿ ಎಲ್ಲರೂ ಕಲಿತರು, ದಿಂಬು ಹೊಲಿಯುವವಳೊಬ್ಬಳನ್ನು ಬಿಟ್ಟು. ಅವಳು ಗದರಿಕೆಗೆ ಹೆದರಿ ಮೂಲೆ ಸೇರಿ ಕಿವಿ ಮುಚ್ಚಿ ಕೂರುವಳು. ಅಳು ಕೇಳಿದರೆ ಮಾತ್ರ ಓಡಿಬಂದು ತೆರೆದುಬಿಡುವಳು. ದೊಡ್ಡಕ್ಕ ಅವಳಿಗೆ ‘ಬೆಣ್ಣೆ’ ಎಂದು ಹೆಸರಿಟ್ಟಿದ್ದಳು. “ಮಹಾತಾಯಿ, ನೀನು ಯಾರನ್ನೂ ಮನೇಲಿ ಇಟ್ಕೋಬೇಡ. ನಿನ್ನ ಕೈಲಿ ಆಗೋ ಕೆಲ್ಸ ಅಲ್ಲ ಇದು,” ಎಂದು ಎಲ್ಲರೆದುರು ಹೇಳಿಯೂ ಇದ್ದಳು. ಬೆಣ್ಣೆ ತಲೆತಗ್ಗಿಸಿ ನಕ್ಕಿದ್ದಳು.

ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರೆ ಹಿರಿಯರು. ದೊಡ್ಡಕ್ಕನ ಮಗ ಲಿಫ್ಟು ರಿಪೇರಿಯವನು. ಎತ್ತರದ ಕಟ್ಟಡಗಳಲ್ಲಿ ಜನ ಸಿಕ್ಕಿಹಾಕಿಕೊಂಡರೆ ಫೋನು ಇವನಿಗೇ ಬರುವುದು. ಮೆತ್ತಗಿನ ಮಾತು, ತಗ್ಗಿದ ಕಣ್ಣು. ಕೇರಿಯ ಮುದುಕಿಯರೆಲ್ಲ “ಮಗ ಅಂದ್ರೆ ಹೀಗಿರ್ಬೇಕು” ಎನ್ನುವರು. ಅವನು ಮನೆಯಲ್ಲಿ ಕೈ ಎತ್ತುತ್ತಾನೆಂಬುದು ದೊಡ್ಡಕ್ಕನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದನ್ನು ಗೊತ್ತಿಲ್ಲದ ಕೋಣೆಯಲ್ಲಿ ಇಟ್ಟು ಬೀಗ ಹಾಕಿದ್ದಳು. ಸೊಸೆಯ ತೋಳಿನ ಕಪ್ಪು ಕಂಡಾಗ ಎಣ್ಣೆ ಬಿಸಿಮಾಡಿ ಕೊಟ್ಟಿದ್ದಳು, ಏನಾಯಿತೆಂದು ಕೇಳಿರಲಿಲ್ಲ. ಒಮ್ಮೆ ಸೊಸೆ ತಾನಾಗಿ ಬಾಯಿಬಿಟ್ಟಳು: “ಅತ್ತೆ, ನೀವು ಅಲ್ಲಿ ಹೇಳ್ಕೊಡೋದನ್ನ ನಂಗೂ ಹೇಳ್ಕೊಡ್ತೀರಾ?” ದೊಡ್ಡಕ್ಕನ ನಾಲಗೆಯ ಮೇಲೆ ಆಗ ಬಂದದ್ದು ಯಾವ ಮಾತು? “ಸ್ವಲ್ಪ ತಾಳ್ಕೊ ಮಗಾ. ಕೆಲಸದ ಚಿಂತೆ ಅವನಿಗೆ. ಸರಿಹೋಗ್ತಾನೆ.”

ಸೊಸೆ ಮತ್ತೆ ಕೇಳಲಿಲ್ಲ.

ಈ ಮಂಗಳವಾರ ದೊಡ್ಡಕ್ಕ ಅಟ್ಟದಿಂದ ಇಳಿದು ಮನೆಗೆ ಬರುವಾಗ ಬಾಗಿಲು ಹಾರುಹೊಡೆದಿತ್ತು. ಅಡುಗೆಮನೆಯ ಕಲ್ಲುಕಟ್ಟೆಯ ಅಂಚಿಗೆ ರಕ್ತ, ಅದಕ್ಕೆ ಅಂಟಿದ ಉದ್ದ ಕೂದಲು. ಮಗ ನಲ್ಲಿಯಡಿ ಕೈ ತೊಳೆಯುತ್ತಿದ್ದ. “ಜಾರಿಬಿದ್ಲು. ಮಗೂನ ಎತ್ಕೊಂಡು ಓಡಿಹೋದ್ಲು,” ಎಂದ, ಹಾಲು ಉಕ್ಕಿಹೋಯಿತು ಎನ್ನುವ ಹಾಗೆ. ದೊಡ್ಡಕ್ಕ ಗೋಡೆ ಹಿಡಿದು ಕೂತಳು. ಅಷ್ಟು ವರ್ಷ ಬೀಗ ಹಾಕಿಟ್ಟ ಕೋಣೆಯ ಬಾಗಿಲು ಒಳಗಿನಿಂದಲೇ ಒಡೆದುಕೊಂಡು ಬಂದಂತಾಯಿತು.

ಕಿಟಕಿಯ ಮೇಲೆ ಗುಬ್ಬಿಯ ಪಂಪು ಇತ್ತು.

ಗುಬ್ಬಿ ಎಂದರೆ ಮೊಮ್ಮಗಳು. ಹುಟ್ಟಿದಾಗಿನಿಂದ ಉಬ್ಬಸ. ಧೂಳು ತಾಗಿದರೆ, ಹೆದರಿದರೆ, ಅತ್ತರೆ ಎದೆಯಲ್ಲಿ ಸಿಳ್ಳು ಏಳುತ್ತದೆ. ಪಂಪನ್ನು ಬಾಯಿಗಿಟ್ಟು ಒತ್ತಿದರೆ ಉಸಿರು ಹಿಂತಿರುಗುತ್ತದೆ. ಡಾಕ್ಟರ ಚೀಟಿಯಿಲ್ಲದೆ ಅದು ಅಂಗಡಿಯಲ್ಲಿ ಸಿಗದು. ಮಗನಿಗೂ ಅದು ಗೊತ್ತು. ಮರುದಿನದಿಂದಲೇ ಅವನು ರಜೆ ಹಾಕಿ ಕ್ಲಿನಿಕ್ಕಿನ ಎದುರು ಸ್ಕೂಟರ್ ನಿಲ್ಲಿಸಿಕೊಂಡು ಟೀ ಕುಡಿಯುತ್ತ ಕೂತ. ದೊಡ್ಡಕ್ಕನ ಪಾಠದಲ್ಲಿ ಇದೂ ಇತ್ತು: ಮೊದಲ ವಾರ ಹತ್ತಿರದ ಆಸ್ಪತ್ರೆಗೆ ಹೋಗಬೇಡಿ, ಅವನು ಅಲ್ಲೇ ಕಾದಿರುತ್ತಾನೆ.

ಗುರುವಾರ ಬೆಳಿಗ್ಗೆ ಅವಳು ಪಂಪನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟುಕಟ್ಟಿದಳು. ಮಗ ನೋಡುತ್ತಿದ್ದ.

“ಹೋಗಮ್ಮ, ಕೇಳ್ನೋಡು,” ಎಂದ ಮೆಲ್ಲಗೆ. “ನಿನ್ನ ಶಿಷ್ಯರಲ್ಲೇ ಯಾರೋ ಇಟ್ಕೊಂಡಿರ್ತಾರೆ. ನೀನು ಕೇಳಿದ್ರೆ ಇಲ್ಲ ಅಂತಾರಾ? ಮಗು ಉಸಿರಿನ ಪ್ರಶ್ನೆ.”

“ನೀನು ಬರ್ಬೇಡ.”

“ನಾನ್ಯಾಕೆ ಬರ್ಲಿ?” ಅವನು ಟವೆಲಿನಿಂದ ಮುಖ ಒರೆಸಿಕೊಂಡ.

ಟೈಲರಮ್ಮ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದಳು. ದೊಡ್ಡಕ್ಕನನ್ನು ಕಂಡು ಕತ್ತರಿ ಕೆಳಗಿಡಲಿಲ್ಲ.

“ನನ್ನ ಸೊಸೆ...” ಎಂದಳು ದೊಡ್ಡಕ್ಕ.

“ನಂಗೊತ್ತಿಲ್ಲ. ಗೊತ್ತಿದ್ರೂ ಹೇಳಲ್ಲ.”

“ಎಲ್ಲಿದಾಳೆ ಅಂತ ನಾನು ಕೇಳ್ಲೇ ಇಲ್ವಲ್ಲೇ. ಇದು ಗುಬ್ಬಿ ಪಂಪು. ಯಾರ ಕೈಲಾದ್ರೂ ಕಳ್ಸು. ಅವಳ ಉಸಿರು ನಿಂತ್ರೆ...” ದೊಡ್ಡಕ್ಕನ ಗಂಟಲು ಕಟ್ಟಿತು. ಕಣ್ಣೀರು ಧಾರೆಯಾಗಿ ಇಳಿಯಿತು. ಅದು ಹೊಟ್ಟೆಯಿಂದ ಬಂದ ಅಳು. ಇಷ್ಟು ವರ್ಷಗಳಲ್ಲಿ ತನಗಾಗಿ ಅವಳು ಹಾಗೆ ಅತ್ತಿರಲಿಲ್ಲ.

ಟೈಲರಮ್ಮ ಒಂದು ಗಳಿಗೆ ದಿಟ್ಟಿಸಿದಳು. ಅಟ್ಟದ ಹೊಸ್ತಿಲಲ್ಲಿ ಹತ್ತಾರು ಸಲ ಕಂಡ ಅಳು ಇದು, ಅದೇ ಕಟ್ಟಿದ ಗಂಟಲು, ಅದೇ ಔಷಧಿ. ಯಾವುದು ಪಾಠ, ಯಾವುದು ನಿಜ ಎಂದು ಅವಳು ಹೇಗೆ ಬೇರ್ಪಡಿಸಿಯಾಳು?

“ಔಷಧಿ ತಂದ್ರೆ ಮುಟ್ಬೇಡಿ ಅಂದೋರು ಯಾರು ದೊಡ್ಡಕ್ಕ? ‘ನಾನೇ ಬಂದ್ರೂ ತೆರೀಬೇಡಿ’ ಅಂದೋರು ಯಾರು?”

“ನಾನೇ ಕಣೇ. ಆದ್ರೆ ಇದು...”

“ಎಲ್ಲಾರೂ ‘ಆದ್ರೆ ಇದು’ ಅಂತಾರೆ ಅಂತಾನೂ ನೀವೇ ಹೇಳಿದ್ರಿ.” ಟೈಲರಮ್ಮ ಕತ್ತರಿ ಮತ್ತೆ ಓಡಿಸಿದಳು. ಗೆರೆ ತಪ್ಪಿ ಬಟ್ಟೆ ಹಾಳಾಯಿತು. “ಹೋಗಿ ದೊಡ್ಡಕ್ಕ. ನನ್ನ ಕೈಲಿ ಕೆಟ್ಟ ಮಾತು ಆಡಿಸ್ಬೇಡಿ.”

ಇಸ್ತ್ರಿ ಅಂಗಡಿಯವಳ ಬಾಯಿ ಅಷ್ಟು ಮೆದುವಲ್ಲ. ಕೆಂಡದ ಪೆಟ್ಟಿಗೆಯನ್ನು ಅಂಗಿಯ ಮೇಲೆ ಒತ್ತುತ್ತಲೇ ಅವಳು ಶುರುಮಾಡಿದಳು:

“ಬಂದ್ರಾ? ನೀವು ಬಂದೇ ಬರ್ತೀರಿ ಅಂತ ನಂಗೆ ಗೊತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ! ನಮಗೆಲ್ಲ ಬುದ್ಧಿ ಹೇಳೋ ಬಾಯಿ ಮನೇಲಿ ಯಾಕೆ ಹೊಲ್ಕೊಂಡಿತ್ತು? ಅವಳು ನಿಮ್ಮ ಹತ್ರಾನೇ ಬರ್ಬೋದಿತ್ತು, ಒಂದು ಗೋಡೆ ಆಚೆ ಇದ್ರಿ. ಯಾಕೆ ಬರ್ಲಿಲ್ಲ, ಹೇಳಿ ನೋಡೋಣ?”

ದೊಡ್ಡಕ್ಕ ಚೀಲದ ಗಂಟನ್ನು ಬಿಗಿಮಾಡಿದಳು. ಅವಳ ಬಳಿ ಇದ್ದ ಉತ್ತರ ಅವಳಿಗೆ, ಸೊಸೆಗೆ ಮತ್ತು ಮೇಲಿರುವವನಿಗೆ ಮಾತ್ರ ತಿಳಿದದ್ದು.

“ಬೈಯಿ, ಇನ್ನೂ ಬೈಯಿ. ಎಷ್ಟು ಬೈದ್ರೂ ಸರಿ,” ಎಂದಳು. “ಅವಳ ತಲೆಗೆ ಏಟಾಗಿದೆ, ಯಾರಾದ್ರೂ ನೋಡಿದ್ರಾ? ಅಷ್ಟು ಹೇಳು. ಬದುಕಿದಾರೆ ಅಂತ ಬರೀ ತಲೆ ಆಡ್ಸು, ಸಾಕು.”

ಇಸ್ತ್ರಿಯವಳ ಕೈ ನಿಂತಿತು. ಅಂಗಿ ಸೀದ ವಾಸನೆ ಎದ್ದಿತು. ಅವಳು ಪೆಟ್ಟಿಗೆ ಎತ್ತಿಟ್ಟು, ಸುಟ್ಟ ಅಂಗಿಯನ್ನು ನೋಡುತ್ತ, “ನಂಗೊತ್ತಿಲ್ಲ,” ಎಂದಳು. ಅಂಗಿಯನ್ನು ಮಡಚಿಟ್ಟು, “ಗೊತ್ತಿದ್ರೂ ಹೇಳಲ್ಲ,” ಎಂದಳು. ಈ ಸಲ ದನಿಯಲ್ಲಿ ಬೈಗುಳ ಇರಲಿಲ್ಲ. ದೊಡ್ಡಕ್ಕನಿಗೆ ಅದು ಇನ್ನೂ ಕಷ್ಟವಾಯಿತು.

ಹೀಗೆ ಮನೆಯಿಂದ ಮನೆಗೆ. ಒಬ್ಬಳು ಕಿಟಕಿ ಮುಚ್ಚಿಕೊಂಡಳು. ಒಬ್ಬಳು ನೀರು ಕೊಟ್ಟು, ಬೆನ್ನು ಸವರಿ, ಅದೇ ಮಾತು ಹೇಳಿದಳು. ಕಲಿಸಿದವಳಿಗೇ ಪಾಠ ಒಪ್ಪಿಸುತ್ತಿರುವಂತೆ ಯಾರೂ ಒಂದಕ್ಷರ ತಪ್ಪಲಿಲ್ಲ. ಬೇರೆ ದಿನವಾಗಿದ್ದರೆ ದೊಡ್ಡಕ್ಕ ಹೆಮ್ಮೆಯಿಂದ ಬೀಗಬಹುದಿತ್ತು. ತಾನು ಕಟ್ಟಿದ ಗೋಡೆ ಇಷ್ಟು ಗಟ್ಟಿಯೆಂದು ಅದಕ್ಕೆ ಹಣೆ ಚಚ್ಚಿಕೊಂಡಾಗ ತಿಳಿಯಿತು. ದೇವರೇ, ಎಂದುಕೊಂಡಳು, ಸುಳ್ಳಿಗೆ ಅಷ್ಟು ಕಣ್ಣೀರು ಖರ್ಚು ಮಾಡಿದೆ, ನಿಜಕ್ಕೆ ಒಂದು ಹನಿಯ ಬೆಲೆಯನ್ನೂ ಉಳಿಸಿಕೊಳ್ಳಲಿಲ್ಲ.

ಬೆಣ್ಣೆಯ ಮನೆಗೆ ಮಾತ್ರ ಅವಳು ಹೋಗಲಿಲ್ಲ. ಹೋಗಬೇಕೆಂದು ಹೊಳೆಯಲೂ ಇಲ್ಲ. ತಿಳಿವಳಿಕೆಯಿದ್ದ ಯಾವ ಹೆಣ್ಣು ಅಲ್ಲಿ ಅಡಗಿಯಾಳು? ದಿಂಬು, ಹಾಸಿಗೆ ತುಂಬುವ ಮನೆ ಅದು. ನೆಲದಿಂದ ಸೂರಿನ ತನಕ ಹತ್ತಿ, ಗಾಳಿಯಲ್ಲೆಲ್ಲ ಎಳೆ. ಉಬ್ಬಸದ ಮಗುವಿಗೆ ಅದು ವಿಷದ ಗೂಡು.

ಬಿಸಿಲು ನೆತ್ತಿಗೇರಿತ್ತು. ಸುತ್ತುಹಾದಿ ಬೇಡವೆಂದು ದೊಡ್ಡಕ್ಕ ಬೆಣ್ಣೆಯ ಓಣಿಯಿಂದಲೇ ಮನೆ ಕಡೆ ಹೊರಟಳು. ಇಕ್ಕಟ್ಟಾದ ಓಣಿ, ಒಂದು ಪಕ್ಕ ಗೋದಾಮಿನ ಬೆನ್ನು, ಇನ್ನೊಂದು ಪಕ್ಕ ಗಿಡ್ಡ ಕಾಂಪೌಂಡಿನ ಮನೆಗಳು. ಬೆಣ್ಣೆಯ ಅಂಗಳದಲ್ಲಿ ಹಳೆ ಹತ್ತಿಯ ರಾಶಿ ಬಿಸಿಲಿಗೆ ಬಿದ್ದಿತ್ತು. ಆ ಮನೆಯನ್ನು ಹಾಯುವಾಗ ಕೆಮ್ಮು ಕೇಳಿತು.

ಚಿಕ್ಕ ಕೆಮ್ಮು. ಹಿಂದೆಯೇ ಸಿಳ್ಳು. ಮತ್ತೆ ಕೆಮ್ಮು, ಮೊದಲಿಗಿಂತ ಒಣಕಲು. ಸಾವಿರ ಮಕ್ಕಳು ಒಟ್ಟಿಗೆ ಕೆಮ್ಮಿದರೂ ದೊಡ್ಡಕ್ಕ ಈ ಕೆಮ್ಮನ್ನು ಹೆಕ್ಕಿ ತೆಗೆದಾಳು. ಎಷ್ಟು ಇರುಳು ಈ ಎದೆಯನ್ನು ತನ್ನ ಎದೆಗೆ ಒತ್ತಿಕೊಂಡು ಕೂತಿಲ್ಲ? ಸಿಳ್ಳು ಇಷ್ಟು ಸಣ್ಣಗಾಯಿತೆಂದರೆ ಒಳಗೆ ದಾರಿ ಮುಚ್ಚುತ್ತ ಬಂದಿದೆ ಎಂದರ್ಥ.

ಅವಳ ಕಾಲು ನಿಂತುಬಿಟ್ಟಿತು.

ಅರ್ಥವಾಯಿತು. ಸೊಸೆ ಬುದ್ಧಿವಂತೆ. ಗಟ್ಟಿ ಬಾಗಿಲುಗಳನ್ನೆಲ್ಲ ಬಿಟ್ಟು, ಅಳುವವರಿಗೆ ತೆರೆಯುವ ಬಾಗಿಲನ್ನು ತಟ್ಟಿದ್ದಾಳೆ. ರಕ್ತ ಸುರಿಸಿಕೊಂಡು ಬಂದವಳಿಗೆ ಇನ್ನಾವುದು ಬೇಗ ತೆರೆದೀತು? ಹಾಗಾದರೆ ತನಗೂ ತೆರೆಯುತ್ತದೆ! ಹೊಸ್ತಿಲಲ್ಲಿ ಕೂತು ಒಂದು ಸಲ ಅತ್ತರೆ ಸಾಕು. ಗುಬ್ಬಿಯ ಬಾಯಿಗೆ ಪಂಪು ಇಡಬಹುದು. ಸೊಸೆಯ ಕಾಲು ಹಿಡಿಯಬಹುದು. ದೊಡ್ಡಕ್ಕನ ಕೈ ಕಾಂಪೌಂಡಿನ ಗೇಟಿನ ಮೇಲೆ ಹೋಯಿತು.

ಗೇಟು ತೆರೆಯುವ ಮುನ್ನ ಹಿಂತಿರುಗಿ ನೋಡುವುದು ಅವಳೇ ಕಲಿಸಿದ ರೂಢಿ. ನೋಡಿದಳು.

ಓಣಿಯ ತುದಿಯಲ್ಲಿ ಒಬ್ಬ ಸ್ಕೂಟರಿನ ಚಕ್ರಕ್ಕೆ ಬಗ್ಗಿ ಏನನ್ನೋ ತಿರುಪುತ್ತಿದ್ದ. ಹೆಲ್ಮೆಟ್ಟು ತೆಗೆದಿರಲಿಲ್ಲ. ಆ ಬೆನ್ನನ್ನು ಹೆತ್ತವಳಿಗೆ ಮುಖ ಬೇಕೇ?

ಬೆಳಿಗ್ಗೆಯಿಂದ ಹೀಗೇ ಇದ್ದನೇ? ಟೈಲರಮ್ಮನ ಅಂಗಡಿಯಿಂದಲೇ? ‘ಹೋಗಮ್ಮ, ಕೇಳ್ನೋಡು’ ಎಂದದ್ದು ಇದಕ್ಕೇ. ವಾಸನೆ ಹಿಡಿಯಲು ಬಿಟ್ಟ ನಾಯಿ ತಾನು, ಹಗ್ಗದ ತುದಿ ಅವನ ಕೈಯಲ್ಲಿ. ಮೊಮ್ಮಗಳ ಉಸಿರನ್ನೇ ಆ ಹಗ್ಗವಾಗಿ ಹೊಸೆದಿದ್ದ. ನನ್ನ ಹೊಟ್ಟೆಯೇ, ಎಂದಳು ಬಾಯೊಳಗೇ, ಇಂಥದನ್ನು ಎಲ್ಲಿಂದ ತಂದು ಹಡೆದೆ?

ಅವಳು ಗೇಟಿನಿಂದ ಕೈ ತೆಗೆದು, ಚಪ್ಪಲಿ ಸರಿಮಾಡಿಕೊಂಡವಳ ಹಾಗೆ ಬಗ್ಗಿ ಎದ್ದು, ಮುಂದೆ ಹೆಜ್ಜೆ ಇಟ್ಟಳು. ಇಷ್ಟೇ ಆಗಿದ್ದರೆ ದಾಟಿಹೋಗುತ್ತಿದ್ದಳೇನೋ. ಆದರೆ ಬಗ್ಗಿ ಎದ್ದಾಗ ಕಾಂಪೌಂಡಿನ ಮೇಲಿಂದ ಅವಳ ನರೆಗೂದಲು ಕಂಡಿರಬೇಕು. ಒಳಗಿನ ಕಿಟಕಿಯಿಂದ ದನಿ ಬಂತು.

“ಅಜ್ಜೀ...”

ಗಾಳಿ ಸಾಲದ, ಒಡೆದ ಕೊಳಲಿನಂಥ ದನಿ. ಹಿಂದೆಯೇ “ಶ್! ಶ್!” ಎಂದು ಯಾರೋ ತಡೆದದ್ದು. ಆಮೇಲೆ ಇನ್ನೊಂದು ಸಲ, ಉಸಿರೆಲ್ಲ ಕೂಡಿಸಿ: “ಅಜ್ಜೀ!”

ಓಣಿಯ ತುದಿಯಲ್ಲಿ ಬೆನ್ನು ನೆಟ್ಟಗಾಯಿತು. ಹೆಲ್ಮೆಟ್ಟು ಈ ಕಡೆ ತಿರುಗಿತು.

ಇನ್ನೊಂದು ಕೂಗು ಅವನ ಕಿವಿಗೆ ಬಿದ್ದರೆ ಮುಗಿಯಿತು. ಆ ಕೂಗನ್ನು ಮುಚ್ಚಬೇಕು. ಅಳಬಹುದಿತ್ತು, ಗಂಟಲ ತನಕ ಬಂದು ನಿಂತಿತ್ತು ಅಳು. ಆದರೆ ಅಳು ಕೇಳಿದರೆ ಬೆಣ್ಣೆ ತೆರೆದುಬಿಡುತ್ತಾಳೆ. ಇಡೀ ಕೇರಿಯಲ್ಲಿ ತನ್ನ ಕಣ್ಣೀರಿಗೆ ಬೆಲೆಯಿರುವ ಬಾಗಿಲು ಅದೊಂದೇ; ಆ ಒಂದರ ಮುಂದೆ ತಾನು ಅಳುವಂತಿಲ್ಲ.

ದೊಡ್ಡಕ್ಕ ಬಾಯಿತೆರೆದು ಬೈಯತೊಡಗಿದಳು.

“ಮನೆಹಾಳೀ! ನನ್ನ ಮಗನ ಬಾಳು ನುಂಗಿದವಳೇ! ಎಲ್ಲಿ ಹಾಳಾಗಿ ಹೋದ್ಯೇ? ನೀನು ಕಾಲಿಟ್ಟ ಗಳಿಗೆಯಿಂದ ನನ್ನ ಮನೇಲಿ ನೆಮ್ಮದಿ ಇಲ್ಲ!”

ಇಸ್ತ್ರಿಯವಳನ್ನೂ ಮೀರಿಸುವ ದನಿ ಅದು. ಗೋದಾಮಿನ ಗೋಡೆ ಅದನ್ನು ಹಿಂದಕ್ಕೆ ಒದೆಯಿತು. ಓಣಿಯ ಕಿಟಕಿಗಳು ತೆರೆದುಕೊಂಡವು. ಒಳಗೆ ಮತ್ತೆ ಕೂಗಿತೋ ಇಲ್ಲವೋ, ಅವಳಿಗೇ ಕೇಳಿಸದಷ್ಟು ಅಬ್ಬರ.

“ನಿನ್ನ ಬಾಯಿಗೆ ಮಣ್ಣು ಬೀಳ! ಏಟು ಬಿದ್ರೆ ಏನಾಯ್ತೇ? ಗಂಡ ಅಂದ್ಮೇಲೆ ಒಂದೇಟು ಹಾಕ್ತಾನೆ, ಒಂದು ಮುತ್ತು ಕೊಡ್ತಾನೆ! ನಾವು ತಿನ್ಲಿಲ್ವಾ? ಓಡಿಹೋದವಳು ಹೋಗೇಬಿಡು, ಮತ್ತೆ ನನ್ನ ಹೊಸ್ತಿಲು ತುಳೀಬೇಡ!”

ಒಂದೊಂದು ಮಾತನ್ನೂ ಆಡುವಾಗ ಕಾಂಪೌಂಡಿನ ಆಚೆ ಯಾರು ಕೇಳಿಸಿಕೊಳ್ಳುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಆ ತಲೆಗೆ ಯಾರು ಪಟ್ಟಿ ಕಟ್ಟಿದರೋ. ಪಟ್ಟಿಯ ಕೆಳಗಿನ ಕಿವಿಗೆ ಇಷ್ಟೂ ಬೀಳುತ್ತಿತ್ತು. ಗುಬ್ಬಿಯ ಕಿವಿಗೂ. ಇವೆಲ್ಲ ಸುಳ್ಳೆಂದು ಹೇಳಲು ತನಗೆ ಇನ್ನೊಂದು ದಿನ ಸಿಕ್ಕೀತೆ? ಸಿಕ್ಕಿದರೂ, ‘ಸ್ವಲ್ಪ ತಾಳ್ಕೊ’ ಎಂದವಳ ಬೈಗುಳವನ್ನು ಸುಳ್ಳೆಂದು ಯಾರು ನಂಬುತ್ತಾರೆ?

ಚೀಲ ಇನ್ನೂ ಕೈಯಲ್ಲಿತ್ತು.

“ಆ ರೋಗದ ಮಗೂನೂ ಬೇಡ, ಅದರ ಪಂಪೂ ಬೇಡ ನಂಗೆ! ಪೀಡೆ ತೊಲಗ್ಲಿ!” ಎಂದು ಕೂಗಿ, ಸಿಟ್ಟು ನೆತ್ತಿಗೇರಿದವಳ ಹಾಗೆ, ಪಂಪಿನ ಗಂಟನ್ನು ಪಕ್ಕದಲ್ಲೇ ಇದ್ದ ಬೆಣ್ಣೆಯ ಕಾಂಪೌಂಡಿನ ಒಳಕ್ಕೆ ಬೀಸಿ ಒಗೆದಳು. ಅದು ಹತ್ತಿಯ ರಾಶಿಯಲ್ಲಿ ಸದ್ದಿಲ್ಲದೆ ಹುದುಗಿತು.

ಬಾಗಿಲು ತೆರೆಯಲಿಲ್ಲ. ಗದರಿಕೆಗೆ ಹೆದರುವ ಬೆಣ್ಣೆ ಎಲ್ಲೋ ಮೂಲೆಯಲ್ಲಿ, ಪ್ರಾಯಶಃ ಮಗುವಿನ ಬಾಯಿಗೂ ಕೈಯಿಟ್ಟುಕೊಂಡು, ಕೂತಿರಬೇಕು. ದೇವರೇ, ಬಾಯಿಗೆ ಕೈಯಿಡದಿರಲಿ. ಮೊದಲೇ ಉಸಿರಿಲ್ಲ.

ಹೆಜ್ಜೆ ಸಪ್ಪಳ ಹತ್ತಿರ ಬಂತು. ಮಗ ಅವಳ ತೋಳು ಹಿಡಿದ. ಬೆರಳುಗಳು ಎಲುಬಿನ ತನಕ ಇಳಿದವು. ಸೊಸೆಯ ತೋಳಿನ ಕಪ್ಪು ಸರಿಯಾಗಿ ಅದೇ ಜಾಗದಲ್ಲಿ ಇರುತ್ತಿತ್ತು.

“ಸಾಕು ಬಾಮ್ಮ. ಜನ ನೋಡ್ತಿದಾರೆ.” ಅವನ ಕಣ್ಣು ಒಂದೊಂದೇ ಮನೆಯ ಮೇಲೆ ಹರಿಯಿತು. “ಯಾವುದೋ ಮಗು ಕೂಗ್ದಂಗಾಯ್ತು?”

“ಕೂಗ್ದೆ ಇರ್ತವಾ? ಓಣಿ ತುಂಬ ಮಕ್ಕಳು. ನನ್ನ ಕೂಗಿಗೆ ಹೆದರಿ ಅತ್ತಿರ್ತವೆ. ಅಳ್ಲಿ! ಎಲ್ಲಾರ ಮಕ್ಳೂ ಅಳ್ಲಿ!” ಅವಳು ಮತ್ತೆ ದನಿ ಏರಿಸಿದಳು, ಉಳಿದಿದ್ದ ಎಲ್ಲ ಬೈಗುಳವನ್ನೂ ಬಾಚಿ ಬಾಚಿ.

ಅವನು ಗಳಿಗೆ ಹೊತ್ತು ಅವಳ ಮುಖ ನೋಡಿದ. ಆಮೇಲೆ ಹಿಡಿತ ಸಡಿಲಿಸಿ ಹೆಗಲ ಸುತ್ತ ಕೈಹಾಕಿದ. ಮುಖದಲ್ಲಿ ಎಳೆಯ ಮಗುವಿನಂಥ ಸಂತೋಷ ಮೂಡಿತು.

“ಇಷ್ಟು ದಿನಕ್ಕೆ ನನ್ನ ಕಡೆ ಮಾತಾಡ್ದೆ ನೋಡು. ಬಾ, ಊಟ ಮಾಡೋಣ. ನಾಳೆ ಕೆಳಗಿನ ಬೀದಿ ನೋಡಿದ್ರಾಯ್ತು. ನೀನೂ ಜೊತೆಗಿರ್ತೀಯಲ್ಲ?”

“ಇರ್ತೀನಿ,” ಎಂದಳು ದೊಡ್ಡಕ್ಕ.

ಕೆಳಗಿನ ಬೀದಿ, ಆಮೇಲೆ ಮೇಲಿನ ಬೀದಿ, ಎಲ್ಲಿ ಬೇಕಾದರೂ ಅವನ ಜೊತೆ ನಡೆದಾಳು, ಇದೊಂದು ಓಣಿಯನ್ನು ಬಿಟ್ಟು. ಹತ್ತಿಯೊಳಗಿನ ಗಂಟನ್ನು ಯಾರಾದರೂ ಕಂಡಿರಬಹುದೇ? ಕಂಡರೂ ಮುಟ್ಟಿಯಾರೇ? ಗಂಡನ ಕಡೆಯಿಂದ ಬಂದದ್ದನ್ನು ಮುಟ್ಟಬೇಡಿ ಎಂದು ಅಷ್ಟು ಸಲ ಬೈದು ಬೈದು ಕಲಿಸಿದ್ದಳು. ಉಳಿದವರಾಗಿದ್ದರೆ ಮುಟ್ಟುತ್ತಿರಲಿಲ್ಲ. ಬೆಣ್ಣೆ ದಡ್ಡಿ. ಸ್ವಾಮೀ, ಈ ಒಂದು ಹೊತ್ತು ಅವಳು ದಡ್ಡಿಯಾಗಿಯೇ ಇರಲಿ. ನಾನು ಹೇಳಿಕೊಟ್ಟದ್ದು ಒಂದೂ ಅವಳ ತಲೆಯಲ್ಲಿ ನಿಲ್ಲದಿರಲಿ.

ಓಣಿಯ ತಿರುವಿನ ಹತ್ತಿರ ಅವಳ ಉಸಿರು ಸಾಲದಾಯಿತು. ಬೈಗುಳ ನಿಂತಿತು. ಆ ಬಿಡುವಿನಲ್ಲಿ ಕಿವಿಯನ್ನೆಲ್ಲ ಹಿಂದಕ್ಕೆ ಕೊಟ್ಟು ಆಲಿಸಿದಳು. ಕೆಮ್ಮಿಲ್ಲ, ಸಿಳ್ಳಿಲ್ಲ. ಪಂಪು ಬಾಯಿಗೆ ಹೋಯಿತೋ, ದೂರ ಹೆಚ್ಚಾಯಿತೋ, ಇನ್ನೇನೋ, ತಿಳಿಯುವ ದಾರಿ ಇರಲಿಲ್ಲ.

ಮಗನೂ ನಿಂತ. ಅವನೂ ಆಲಿಸುತ್ತಿದ್ದ.

ದೊಡ್ಡಕ್ಕ ಎದೆ ತುಂಬ ಗಾಳಿ ಎಳೆದುಕೊಂಡು ಮತ್ತೆ ಬೈಯತೊಡಗಿದಳು.